ಸೋತು ಬಂದವರಿಗಷ್ಟೇ ತೆರೆಯುವ ಬಾಗಿಲು

ಫ್ರಾನ್ಸಿನ ಪೂರ್ವದ ಅಂಚಿನಲ್ಲಿರುವ ಸ್ಟ್ರಾಸ್‌ಬರ್ಗ್ ನಗರ. ಅಲ್ಲಿನ ಯೂರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ 17 ನ್ಯಾಯಾಧೀಶರ ಮಹಾಪೀಠ 2024ರ ಏಪ್ರಿಲ್ 9ರಂದು ಮೂರು ಪ್ರಕರಣಗಳಲ್ಲಿ ತೀರ್ಮಾನ ಪ್ರಕಟಿಸಿತು. ಮೂರರ ಅಹವಾಲೂ ಹೆಚ್ಚುಕಡಿಮೆ ಒಂದೇ. ಭೂಮಿಯ ತಾಪಮಾನ ಏರುತ್ತಿದೆ, ಅದನ್ನು ತಡೆಯಲು ಸರ್ಕಾರಗಳು ಮಾಡಬೇಕಾದಷ್ಟು ಮಾಡುತ್ತಿಲ್ಲ, ಇದರಿಂದ ನಮ್ಮ ಬದುಕಿಗೆ ಕುತ್ತು ಬಂದಿದೆ ಎಂಬುದು.

ಮೊದಲ ಪ್ರಕರಣದ ಅರ್ಜಿದಾರರು ಪೋರ್ಚುಗಲ್‌ನ ಆರು ಮಂದಿ ಮಕ್ಕಳು ಮತ್ತು ಯುವಜನರು. 2017ರಲ್ಲಿ ಅವರ ದೇಶದ ಕಾಡುಗಳಿಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಎರಡನೆಯ ಅರ್ಜಿದಾರರು ಫ್ರಾನ್ಸಿನ ಗ್ರಾಂದ್-ಸಾಂತ್ ಎಂಬ ಊರಿನ ಮಾಜಿ ಮೇಯರ್ ದಾಮಿಯಾನ್ ಕರೆಮ್. ಸಮುದ್ರ ಉಕ್ಕಿದರೆ ಮುಳುಗುವ ಭಯ ಆ ಊರಿನದು. ಮೂರನೆಯದು ಸ್ವಿಟ್ಜರ್ಲೆಂಡಿನ ‘ಕ್ಲೀಮಾಸೆನಿಯೋರಿನ್ನೆನ್’ ಎಂಬ ಹಿರಿಯ ಮಹಿಳೆಯರ ಸಂಘ ಮತ್ತು ಅದರ ನಾಲ್ವರು ಸದಸ್ಯೆಯರು ತಂದ ಪ್ರಕರಣ. ಬಿಸಿಗಾಳಿಗೆ ಮೊದಲು ತುತ್ತಾಗುವವರು ನಮ್ಮಂಥ ಮುದುಕಿಯರೇ ಎಂಬುದು ಅವರ ವಾದ.

ಗೆದ್ದದ್ದು ಮುದುಕಿಯರ ಸಂಘ ಮಾತ್ರ. ಉಳಿದ ಎರಡು ಪ್ರಕರಣಗಳು ಸೋತವು ಎಂದು ಹೇಳುವುದೂ ಪೂರ್ತಿ ಸರಿಯಲ್ಲ. ಪೋರ್ಚುಗಲ್‌ನ ಮಕ್ಕಳು ಹೇಳಿದ್ದು ಸುಳ್ಳೆಂದಾಗಲಿ, ಮೇಯರ್ ಸಾಹೇಬರ ಊರಿಗೆ ಅಪಾಯವಿಲ್ಲವೆಂದಾಗಲಿ ನ್ಯಾಯಾಲಯ ಹೇಳಲಿಲ್ಲ. ಆ ಪ್ರಶ್ನೆಯವರೆಗೆ ಅದು ಹೋಗಲೇ ಇಲ್ಲ. ನಿಮ್ಮ ಅರ್ಜಿ ವಿಚಾರಣೆಗೆ ಅರ್ಹವಲ್ಲ ಎಂದು ಹೊಸ್ತಿಲಲ್ಲೇ ತಡೆಯಿತು.

ಈ ಹೊಸ್ತಿಲು ದಾಟುವುದು ಅಷ್ಟು ಕಷ್ಟವೇ? ಹೌದು. ಸ್ಟ್ರಾಸ್‌ಬರ್ಗಿಗೆ ಬರುವ ಅರ್ಜಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೊಸ್ತಿಲಿನಿಂದಲೇ ಹಿಂದಿರುಗುತ್ತವೆ. ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬ ನಮ್ಮ ಗಾದೆ ಇಲ್ಲಿ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಆ ಹೊಸ್ತಿಲನ್ನು ಕಟ್ಟಿದ್ದರ ಹಿಂದೆ ಕಾರಣಗಳಿವೆ. ಅವುಗಳನ್ನು ತಿಳಿಯದೆ ತೀರ್ಪು ಕೊಡುವುದು ಸುಲಭವಲ್ಲ.

ಯಾವುದೀ ನ್ಯಾಯಾಲಯ?

ಎರಡನೇ ಮಹಾಯುದ್ಧದ ಹತ್ಯಾಕಾಂಡಗಳನ್ನು ಕಂಡು ಬೆಚ್ಚಿದ್ದ ಪಶ್ಚಿಮ ಯೂರೋಪಿನ ದೇಶಗಳು 1950ರ ನವೆಂಬರ್ 4ರಂದು ರೋಮ್ ನಗರದಲ್ಲಿ ಮಾನವ ಹಕ್ಕುಗಳ ಒಡಂಬಡಿಕೆಗೆ ಸಹಿ ಹಾಕಿದವು. ಜೀವಿಸುವ ಹಕ್ಕು, ಚಿತ್ರಹಿಂಸೆಗೆ ಒಳಗಾಗದಿರುವ ಹಕ್ಕು, ನ್ಯಾಯಯುತ ವಿಚಾರಣೆ, ಖಾಸಗಿ ಮತ್ತು ಕೌಟುಂಬಿಕ ಬದುಕು, ಅಭಿವ್ಯಕ್ತಿ ಸ್ವಾತಂತ್ರ್ಯ ಇವೇ ಮೊದಲಾದವು ಅದರಲ್ಲಿವೆ. ಒಡಂಬಡಿಕೆಯನ್ನು ಕಾಯಲು 1959ರಲ್ಲಿ ನ್ಯಾಯಾಲಯ ಅಸ್ತಿತ್ವಕ್ಕೆ ಬಂತು. ಇದು ಯೂರೋಪ್ ಮಂಡಳಿಯ ಅಂಗಸಂಸ್ಥೆ. ಬ್ರಸೆಲ್ಸ್‌ನಲ್ಲಿ ಕೇಂದ್ರವಿರುವ ಯೂರೋಪಿಯನ್ ಒಕ್ಕೂಟಕ್ಕೂ ಇದಕ್ಕೂ ಸಂಬಂಧವಿಲ್ಲ. ಯುಕ್ರೇನ್ ಮೇಲೆ ದಾಳಿ ನಡೆಸಿದ ರಷ್ಯ 2022ರಲ್ಲಿ ಹೊರಬಿದ್ದ ಬಳಿಕ ಮಂಡಳಿಯಲ್ಲಿ 46 ದೇಶಗಳಿವೆ. ದೇಶಕ್ಕೊಬ್ಬರಂತೆ 46 ನ್ಯಾಯಾಧೀಶರು. ಅವರ ವ್ಯಾಪ್ತಿಯಲ್ಲಿರುವ ಜನ ಸುಮಾರು 70 ಕೋಟಿ.

ಮೊದಮೊದಲು ಸಾಮಾನ್ಯ ವ್ಯಕ್ತಿ ನೇರವಾಗಿ ಈ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿರಲಿಲ್ಲ. ದೂರು ಆಯೋಗವೊಂದರ ಮುಂದೆ ಹೋಗಿ, ಅಲ್ಲಿ ಸೋಸಿ ಬರಬೇಕಿತ್ತು. 1998ರ ನವೆಂಬರ್ 1ರಿಂದ ಆಯೋಗದ ಆ ಕೆಲಸ ನ್ಯಾಯಾಲಯಕ್ಕೇ ಬಂತು. ಸರ್ಕಾರವೊಂದರ ವಿರುದ್ಧ ಒಬ್ಬಂಟಿ ವ್ಯಕ್ತಿ ಅಂತರರಾಷ್ಟ್ರೀಯ ನ್ಯಾಯಪೀಠಕ್ಕೆ ನೇರವಾಗಿ ದೂರು ಕೊಡಬಹುದಾದ ಇಂಥ ವ್ಯವಸ್ಥೆ ಜಗತ್ತಿನಲ್ಲಿ ವಿರಳ. ಶುಲ್ಕವಿಲ್ಲ. ಆರಂಭದಲ್ಲಿ ವಕೀಲರೂ ಬೇಕಿಲ್ಲ. ಸದಸ್ಯ ರಾಷ್ಟ್ರಗಳ ಯಾವುದೇ ಅಧಿಕೃತ ಭಾಷೆಯಲ್ಲಿ ಅರ್ಜಿ ಬರೆಯಬಹುದು.

ಅರ್ಜಿದಾರ ಆ ದೇಶದ ಪ್ರಜೆಯೇ ಆಗಿರಬೇಕೆಂದಿಲ್ಲ ಎಂಬುದು ಇನ್ನೊಂದು ವಿಶೇಷ. ಆ ದೇಶದ ಅಧಿಕಾರ ವ್ಯಾಪ್ತಿಯಲ್ಲಿದ್ದರೆ ಸಾಕು. ಪಂಜಾಬ್ ಮೂಲದ ಸಿಖ್ಖರೊಬ್ಬರನ್ನು ರಾಷ್ಟ್ರೀಯ ಭದ್ರತೆಯ ಕಾರಣ ಹೇಳಿ ಭಾರತಕ್ಕೆ ಗಡೀಪಾರು ಮಾಡಲು ಬ್ರಿಟನ್ ಹೊರಟಾಗ, ಅಲ್ಲಿ ಅವರಿಗೆ ಚಿತ್ರಹಿಂಸೆಯ ಅಪಾಯವಿದೆಯೆಂದು ಈ ನ್ಯಾಯಾಲಯ 1996ರಲ್ಲಿ ತಡೆದಿತ್ತು. ಇಂದು ಐರ್ಲೆಂಡಿನಲ್ಲೋ ಜರ್ಮನಿಯಲ್ಲೋ ನೌಕರಿಯಲ್ಲಿರುವ ಕನ್ನಡಿಗರಿಗೂ ಈ ಬಾಗಿಲು ಅಷ್ಟೇ ತೆರೆದಿದೆ, ಅಷ್ಟೇ ಮುಚ್ಚಿದೆ.

ನೋವು ನಿಮ್ಮದೇ ಆಗಿರಬೇಕು

ಒಡಂಬಡಿಕೆಯ 34 ಮತ್ತು 35ನೇ ವಿಧಿಗಳಲ್ಲಿ ಹೊಸ್ತಿಲಿನ ನಿಯಮಗಳಿವೆ. ಮೊದಲನೆಯದು, ದೂರುವವರು ಸ್ವತಃ ಬಾಧಿತರಾಗಿರಬೇಕು. ಯಾರದೋ ಪರವಾಗಿ, ಸಾರ್ವಜನಿಕ ಹಿತದ ಹೆಸರಿನಲ್ಲಿ, ಕಾನೂನೊಂದು ಸರಿಯಿಲ್ಲವೆಂಬ ಅಭಿಪ್ರಾಯದ ಮೇಲೆ ಅಲ್ಲಿಗೆ ಹೋಗುವಂತಿಲ್ಲ. ಅಂಚೆ ಕಾರ್ಡನ್ನೂ ಅರ್ಜಿಯೆಂದು ಸ್ವೀಕರಿಸಿದ, ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳನ್ನು ಬೆಳೆಸಿದ ನಮ್ಮ ಸುಪ್ರೀಂ ಕೋರ್ಟಿನ ಪದ್ಧತಿ ಕಂಡವರಿಗೆ ಇದು ಸಂಕುಚಿತವೆನಿಸಬಹುದು.

ಮೇಯರ್ ಕರೆಮ್ ಎಡವಿದ್ದು ಇಲ್ಲೇ. ಅವರು 2019ರಲ್ಲಿ ಯೂರೋಪಿಯನ್ ಸಂಸತ್ತಿಗೆ ಆಯ್ಕೆಯಾಗಿ ಬ್ರಸೆಲ್ಸ್‌ಗೆ ವಾಸ ಬದಲಿಸಿದ್ದರು. ಆ ಊರಿನಲ್ಲಿ ನೀವು ಈಗ ವಾಸವಿಲ್ಲ, ಹಾಗಾಗಿ ಅಲ್ಲಿನ ಪ್ರವಾಹದ ಭಯ ನಿಮ್ಮ ವೈಯಕ್ತಿಕ ಬಾಧೆಯಲ್ಲ ಎಂದಿತು ನ್ಯಾಯಾಲಯ. ಸ್ವಿಸ್ ಸಂಘದ ಜೊತೆ ಅರ್ಜಿ ಹಾಕಿದ್ದ ನಾಲ್ವರು ವೃದ್ಧೆಯರದೂ ಇದೇ ಗತಿ. ತಾಪಮಾನ ಏರಿಕೆ ಎಲ್ಲರನ್ನೂ ತಟ್ಟುತ್ತದೆ, ಉಳಿದವರಿಗಿಂತ ನಿಮಗೆ ತೀವ್ರವಾಗಿ ತಟ್ಟಿದೆಯೆಂದು ತೋರಿಸಿಲ್ಲ ಎಂಬ ಕಾರಣಕ್ಕೆ ಅವರ ವೈಯಕ್ತಿಕ ದೂರುಗಳು ಬಿದ್ದವು. ಆದರೆ ಎರಡು ಸಾವಿರಕ್ಕೂ ಹೆಚ್ಚು ಸದಸ್ಯೆಯರಿರುವ ಸಂಘ ಅವರೆಲ್ಲರ ಪರ ಮಾತನಾಡಬಹುದೆಂದು ಒಪ್ಪಿತು. ಒಬ್ಬೊಬ್ಬರಾಗಿ ಬಂದರೆ ಮುಚ್ಚಿದ ಬಾಗಿಲು ಸಂಘಕ್ಕೆ ತೆರೆದದ್ದು ಈ ಪ್ರಕರಣದ ಹೊಸ ಸಂಗತಿ.

ದೂರು ಸರ್ಕಾರದ ಮೇಲೆಯೇ ಇರಬೇಕು. ನೆರೆಮನೆಯವರ ಮೇಲೆ, ಖಾಸಗಿ ಕಂಪೆನಿಯ ಮೇಲೆ ಅಲ್ಲಿ ದಾವೆ ಹೂಡಲಾಗದು. ಉಲ್ಲಂಘನೆಯಾದ ಹಕ್ಕು ಒಡಂಬಡಿಕೆಯಲ್ಲಿ ಇರಬೇಕು. ಉದ್ಯೋಗದ ಹಕ್ಕು ಅದರಲ್ಲಿಲ್ಲ. ಆದ್ದರಿಂದ ನನಗೆ ಕೆಲಸ ಕೊಡಿಸಿ ಎಂಬ ಅರ್ಜಿ ನಿಲ್ಲುವುದಿಲ್ಲ. ಸರ್ಕಾರದ ಅಧಿಕಾರ ವ್ಯಾಪ್ತಿಯ ಪ್ರಶ್ನೆಯೂ ಇದೆ. ಪೋರ್ಚುಗಲ್‌ನ ಮಕ್ಕಳು ತಮ್ಮ ದೇಶದ ಜೊತೆಗೆ ಇತರ 32 ದೇಶಗಳ ಮೇಲೂ ದೂರಿದ್ದರು. ಹೊಗೆಗೆ ಗಡಿಯಿಲ್ಲ ಎಂಬುದು ನಿಜ, ಆದರೆ ಅಧಿಕಾರಕ್ಕೆ ಗಡಿಯುಂಟು ಎಂಬರ್ಥದಲ್ಲಿ ಆ 32 ದೇಶಗಳ ಮೇಲಿನ ದೂರು ತಳ್ಳಿಹೋಯಿತು.

ಮೊದಲು ಮನೆಯಲ್ಲಿ ಕೇಳಿ

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇದು: ಸ್ವದೇಶದಲ್ಲಿ ಲಭ್ಯವಿರುವ ಎಲ್ಲ ಪರಿಹಾರ ಮಾರ್ಗಗಳನ್ನೂ ಮುಗಿಸಿ ಬರಬೇಕು. ಕೆಳ ನ್ಯಾಯಾಲಯ, ಮೇಲ್ಮನವಿ, ಅತ್ಯುನ್ನತ ನ್ಯಾಯಾಲಯ ಎಲ್ಲ ಕಡೆಯೂ ಹೋಗಿ, ಸ್ಟ್ರಾಸ್‌ಬರ್ಗಿನಲ್ಲಿ ಹೇಳಬೇಕೆಂದಿರುವ ದೂರಿನ ತಿರುಳನ್ನು ಅಲ್ಲಿಯೂ ಹೇಳಿ, ನ್ಯಾಯ ಸಿಗದೆ ಬರಬೇಕು. ತಪ್ಪು ತಿದ್ದಿಕೊಳ್ಳುವ ಮೊದಲ ಅವಕಾಶ ಆಯಾ ದೇಶಕ್ಕೇ ಇರಬೇಕು, ಹೊರಗಿನ ನ್ಯಾಯಪೀಠ ಕೊನೆಯ ಆಸರೆ ಮಾತ್ರ ಎಂಬುದು ಇದರ ಹಿಂದಿನ ತತ್ವ. ಈ ಭರವಸೆ ಇರದಿದ್ದರೆ ಯಾವ ಸಾರ್ವಭೌಮ ಸರ್ಕಾರವೂ ಇಂಥ ನ್ಯಾಯಾಲಯಕ್ಕೆ ತಲೆಬಾಗಲು ಒಪ್ಪುತ್ತಿರಲಿಲ್ಲ.

ಸ್ವಿಸ್ ಮಹಿಳೆಯರು 2016ರಲ್ಲಿ ತಮ್ಮ ಸರ್ಕಾರಕ್ಕೆ ಮನವಿ ಕೊಟ್ಟಿದ್ದರು. ಇಲಾಖೆ ತಿರಸ್ಕರಿಸಿತು. ಆಡಳಿತ ನ್ಯಾಯಾಲಯ 2018ರಲ್ಲಿ ವಜಾ ಮಾಡಿತು. 2020ರ ಮೇ ತಿಂಗಳಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ಕೈಬಿಟ್ಟಿತು. ಆ ಸೋಲುಗಳೇ ಅವರ ಪ್ರವೇಶಪತ್ರವಾದವು. ಒಡಂಬಡಿಕೆಯ 8ನೇ ವಿಧಿ, ಅಂದರೆ ಖಾಸಗಿ ಮತ್ತು ಕೌಟುಂಬಿಕ ಬದುಕಿನ ಹಕ್ಕು, ಉಲ್ಲಂಘನೆಯಾಗಿದೆಯೆಂದು 16 ಮಂದಿ ನ್ಯಾಯಾಧೀಶರು ಒಪ್ಪಿದರು. ಒಬ್ಬರದು ಭಿನ್ನಮತ. ಸ್ವಿಸ್ ನ್ಯಾಯಾಲಯಗಳು ಸಂಘದ ದೂರನ್ನು ಸರಿಯಾಗಿ ಕೇಳಲೇ ಇಲ್ಲವೆಂದು ಎಲ್ಲರೂ ಒಮ್ಮತದಿಂದ ಹೇಳಿದರು.

ಪೋರ್ಚುಗಲ್‌ನ ಮಕ್ಕಳು 2020ರ ಸೆಪ್ಟೆಂಬರಿನಲ್ಲಿ ನೇರವಾಗಿ ಸ್ಟ್ರಾಸ್‌ಬರ್ಗಿಗೆ ಬಂದಿದ್ದರು. ಕಾಡು ಉರಿಯುತ್ತಿರುವಾಗ ಕೋರ್ಟಿನಿಂದ ಕೋರ್ಟಿಗೆ ವರ್ಷಗಟ್ಟಲೆ ಅಲೆಯಲು ಸಮಯವೆಲ್ಲಿದೆ ಎಂಬುದು ಅವರ ನಿಲುವು. ಆದರೆ ಆರೋಗ್ಯಕರ ಪರಿಸರದ ಹಕ್ಕನ್ನು ಪೋರ್ಚುಗಲ್ ಸಂವಿಧಾನವೇ ಕೊಟ್ಟಿದೆ, ಅದಕ್ಕಾಗಿ ಅಲ್ಲಿ ದಾವೆ ಹೂಡಲು ದಾರಿಗಳಿವೆ, ನೀವು ಒಂದನ್ನೂ ಹಿಡಿಯಲಿಲ್ಲ ಎಂದಿತು ಮಹಾಪೀಠ. ಮೂರೂವರೆ ವರ್ಷಗಳ ಕಾಯುವಿಕೆ ಅಲ್ಲಿಗೆ ಮುಗಿಯಿತು.

ಹಾಗೆಂದು ಈ ನಿಯಮ ಕಲ್ಲಿನಲ್ಲಿ ಕೊರೆದದ್ದಲ್ಲ. ಮನೆಯ ಪರಿಹಾರ ನಿಜವಾಗಿ ಫಲ ಕೊಡುವಂಥದ್ದಾಗಿರಬೇಕು. 1992ರಲ್ಲಿ ಆಗ್ನೇಯ ಟರ್ಕಿಯ ದಿಯಾರ್ಬಕಿರ್ ಪ್ರಾಂತದ ಕುರ್ದಿಶ್ ಹಳ್ಳಿಯೊಂದರ ಮನೆಗಳಿಗೆ ಭದ್ರತಾ ಪಡೆಗಳು ಬೆಂಕಿ ಹಚ್ಚಿದವು. ಹಳ್ಳಿಗರು ಸ್ಟ್ರಾಸ್‌ಬರ್ಗಿಗೆ ದೂರು ಕೊಟ್ಟಾಗ, ಮೊದಲು ನಮ್ಮ ನ್ಯಾಯಾಲಯಕ್ಕೆ ಬರಬೇಕಿತ್ತು ಎಂದಿತು ಟರ್ಕಿ ಸರ್ಕಾರ. ಅಷ್ಟೊಂದು ಹಳ್ಳಿಗಳು ನಾಶವಾದರೂ ಭದ್ರತಾ ಪಡೆ ಸುಟ್ಟ ಮನೆಗೆ ಪರಿಹಾರ ಸಿಕ್ಕ ಒಂದು ಉದಾಹರಣೆಯನ್ನೂ ಆ ಸರ್ಕಾರ ತೋರಿಸಲಾಗಲಿಲ್ಲ. ಮನೆ ಸುಟ್ಟವರ ಬಳಿಗೇ ಹೋಗಿ ದೂರು ಎನ್ನುವುದು ನ್ಯಾಯವಲ್ಲವೆಂದು 1996ರಲ್ಲಿ ನ್ಯಾಯಾಲಯ ಹಳ್ಳಿಗರ ಅರ್ಜಿಯನ್ನು ಒಳಗೆ ಬಿಟ್ಟಿತು.

ಇನ್ನೊಂದು ಉದಾಹರಣೆ ಐರ್ಲೆಂಡಿನ ಬಡ ಮಹಿಳೆಯದು. ಗಂಡನಿಂದ ಕಾನೂನುಬದ್ಧವಾಗಿ ಬೇರೆಯಾಗಲು ಆಕೆ ಹೈಕೋರ್ಟಿಗೇ ಹೋಗಬೇಕಿತ್ತು. ವಕೀಲರಿಗೆ ಕೊಡಲು ಹಣವಿಲ್ಲ, ಸರ್ಕಾರಿ ಕಾನೂನು ನೆರವೂ ಇಲ್ಲ. ವಕೀಲರಿಲ್ಲದೆ ತಾನೇ ವಾದಿಸಬಹುದಿತ್ತಲ್ಲ, ಆ ದಾರಿ ಮುಗಿಸದೆ ಬಂದಿದ್ದಾಳೆ ಎಂದಿತು ಸರ್ಕಾರ. 1979ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕಾಗದದ ಮೇಲಿರುವ ಹಕ್ಕು ಹಕ್ಕಲ್ಲ, ಬಳಕೆಗೆ ಸಿಗುವ ಹಕ್ಕೇ ಹಕ್ಕು ಎಂಬ ಅದರ ನಿಲುವು ಮುಂದೆ ಎಷ್ಟೋ ಪ್ರಕರಣಗಳಿಗೆ ದಾರಿದೀಪವಾಯಿತು.

ನಾಲ್ಕು ತಿಂಗಳು, ಒಂದು ಅಂಚೆ ಮುದ್ರೆ

ಸ್ವದೇಶದ ಕೊನೆಯ ತೀರ್ಪು ಬಂದ ಮೇಲೆ ಗಡಿಯಾರ ಓಡತೊಡಗುತ್ತದೆ. ಹಿಂದೆ ಆರು ತಿಂಗಳ ಅವಧಿಯಿತ್ತು. 2022ರ ಫೆಬ್ರುವರಿ 1ರಿಂದ ಅದು ನಾಲ್ಕು ತಿಂಗಳಿಗೆ ಇಳಿದಿದೆ. ಒಂದು ದಿನ ತಡವಾದರೂ ಮುಗಿಯಿತು. ಕೊನೆಯ ದಿನ ರಜಾದಿನವಾಗಿದ್ದರೆ ಮರುದಿನ ಸಲ್ಲಿಸಬಹುದಲ್ಲ ಎಂದು ನಮ್ಮಲ್ಲಿ ಯಾರೂ ಭಾವಿಸಿಯಾರು. ಅದಕ್ಕೂ ಅವಕಾಶವಿಲ್ಲವೆಂದು ಟರ್ಕಿಯ ಪ್ರಕರಣವೊಂದರಲ್ಲಿ 2012ರಲ್ಲಿ ಮಹಾಪೀಠವೇ ಹೇಳಿತು. ಭಾನುವಾರವಾದರೂ ಲೆಕ್ಕ ಲೆಕ್ಕವೇ.

ಅರ್ಜಿಯನ್ನು ನಿಗದಿತ ನಮೂನೆಯಲ್ಲಿ ತುಂಬಿ, ಸಹಿ ಮಾಡಿ, ದಾಖಲೆಗಳ ಪ್ರತಿಗಳೊಂದಿಗೆ ಅಂಚೆಯಲ್ಲಿ ಕಳಿಸಬೇಕು. ಅರ್ಜಿ ಸಲ್ಲಿಸಿದ ದಿನವೆಂದರೆ ಲಕೋಟೆಯ ಮೇಲಿನ ಅಂಚೆ ಮುದ್ರೆಯ ದಿನ. 2014ರಿಂದ ಈ ನಿಯಮ ಇನ್ನಷ್ಟು ಬಿಗಿಯಾಗಿದೆ. ಒಂದು ಅಂಕಣ ಖಾಲಿ ಬಿಟ್ಟರೆ, ಒಂದು ತೀರ್ಪಿನ ಪ್ರತಿ ಮರೆತರೆ ಅರ್ಜಿಯೇ ಬಂದಿಲ್ಲವೆಂದು ಲೆಕ್ಕ. ಸರಿಪಡಿಸಿ ಮತ್ತೆ ಕಳಿಸುವಷ್ಟರಲ್ಲಿ ಅವಧಿ ಮೀರಿದ್ದರೆ ದೂರು ಎಷ್ಟೇ ಗಂಭೀರವಾಗಿದ್ದರೂ ಪ್ರಯೋಜನವಿಲ್ಲ.

ಇನ್ನೂ ಕೆಲವು ಜರಡಿಗಳಿವೆ. ಅನಾಮಧೇಯ ಅರ್ಜಿ ನಡೆಯದು. ಹೆಸರು ಹೊರಗೆ ಬಾರದಂತೆ ಕೋರಬಹುದು, ನ್ಯಾಯಾಲಯಕ್ಕೆ ಮಾತ್ರ ಹೇಳಲೇಬೇಕು. ಒಮ್ಮೆ ತೀರ್ಮಾನವಾದ ಅಥವಾ ಇನ್ನೊಂದು ಅಂತರರಾಷ್ಟ್ರೀಯ ಸಂಸ್ಥೆಯ ಮುಂದಿಟ್ಟ ದೂರನ್ನೇ ಮತ್ತೆ ತರುವಂತಿಲ್ಲ. ಸುಳ್ಳು ದಾಖಲೆ ಕೊಟ್ಟರೆ ಅದು ಹಕ್ಕಿನ ದುರುಪಯೋಗ. ಕೋವಿಡ್ ಕಾಲದಲ್ಲಿ ಫ್ರಾನ್ಸಿನ ಒಬ್ಬರು ಆರೋಗ್ಯ ಪಾಸಿನ ವಿರುದ್ಧ ಜನರನ್ನು ಹುರಿದುಂಬಿಸಿ, ಒಂದೇ ಅಚ್ಚಿನ ಸುಮಾರು 18 ಸಾವಿರ ಅರ್ಜಿಗಳು ನ್ಯಾಯಾಲಯದ ಮೇಲೆ ಬೀಳುವಂತೆ ಮಾಡಿದರು. ಅವರ ಸ್ವಂತ ಅರ್ಜಿ 2021ರಲ್ಲಿ ತಿರಸ್ಕೃತವಾಯಿತು, ದುರುಪಯೋಗವೂ ಅದಕ್ಕೊಂದು ಕಾರಣವಾಗಿತ್ತು.

2010ರಲ್ಲಿ ಸೇರಿದ ಇನ್ನೊಂದು ನಿಯಮದಂತೆ ಅರ್ಜಿದಾರರಿಗೆ ಆದ ನಷ್ಟ ಗಣನೀಯವಾಗಿರಬೇಕು. ರಷ್ಯದ ಒಬ್ಬರು ತಂದಿದ್ದ ದೂರಿನ ಮೊತ್ತ ಒಂದು ಯೂರೋಗಿಂತಲೂ ಕಡಿಮೆ. ನ್ಯಾಯಾಲಯ ಅದೇ ವರ್ಷ ಅದನ್ನು ಬದಿಗಿಟ್ಟಿತು. ಇವೆಲ್ಲಕ್ಕಿಂತ ಹೆಚ್ಚು ಅರ್ಜಿಗಳನ್ನು ನುಂಗುವುದು ‘ಮೇಲ್ನೋಟಕ್ಕೇ ಆಧಾರರಹಿತ’ ಎಂಬ ವಿಶಾಲವಾದ ಕಾರಣ. ತಮ್ಮ ದೇಶದ ಕೋರ್ಟು ಸಾಕ್ಷ್ಯವನ್ನು ತಪ್ಪಾಗಿ ತೂಗಿದೆ, ಮತ್ತೊಮ್ಮೆ ತೂಗಿ ಎಂದು ಕೇಳುವವರು ಬಹಳ. ಅದಕ್ಕೆ ಸ್ಟ್ರಾಸ್‌ಬರ್ಗಿನ ಉತ್ತರ ಸಿದ್ಧವಾಗಿದೆ: ನಾವು ಮೇಲ್ಮನವಿ ನ್ಯಾಯಾಲಯವಲ್ಲ.

ಬಿಗಿ ಯಾಕೆ, ಟೀಕೆ ಯಾಕೆ

ಈ ಬಿಗಿಯ ಬೇರು ಕಡತಗಳ ರಾಶಿಯಲ್ಲಿದೆ. ಕಮ್ಯೂನಿಸ್ಟ್ ಆಡಳಿತಗಳು ಬಿದ್ದ ಮೇಲೆ ಪೂರ್ವ ಯೂರೋಪಿನ ದೇಶಗಳು ಒಂದೊಂದಾಗಿ ಒಡಂಬಡಿಕೆಗೆ ಸೇರಿದವು. ಅರ್ಜಿಗಳು ಪ್ರವಾಹದಂತೆ ಬಂದವು. 2011ರಲ್ಲಿ ಒಂದು ಹಂತದಲ್ಲಿ ಬಾಕಿ ಅರ್ಜಿಗಳು 1 ಲಕ್ಷ 60 ಸಾವಿರ ಮುಟ್ಟಿದವು. ನಿಲ್ಲದ ಅರ್ಜಿಗಳನ್ನು ಒಬ್ಬರೇ ನ್ಯಾಯಾಧೀಶರು ತಳ್ಳಿಹಾಕುವ ಪದ್ಧತಿ 2010ರಲ್ಲಿ ಬಂತು. ಅರ್ಜಿದಾರ ಯಾವ ದೇಶವನ್ನು ದೂರಿದ್ದಾನೋ ಆ ದೇಶದ ನ್ಯಾಯಾಧೀಶರು ಈ ಕೆಲಸ ಮಾಡುವಂತಿಲ್ಲ. ಅವರ ತೀರ್ಮಾನದ ಮೇಲೆ ಮೇಲ್ಮನವಿಯೂ ಇಲ್ಲ. 2023ರ ಕೊನೆಗೆ ಬಾಕಿ ಸುಮಾರು 68 ಸಾವಿರಕ್ಕೆ ಇಳಿದಿತ್ತು. ರಾಶಿ ಕರಗದಿದ್ದರೆ ಚಿತ್ರಹಿಂಸೆಗೆ ಒಳಗಾದವನ ಅರ್ಜಿಯೂ ಒಂದು ಯೂರೋ ಕಳೆದುಕೊಂಡವನ ಅರ್ಜಿಯ ಹಿಂದೆ ಸಾಲಿನಲ್ಲಿ ಕಾಯಬೇಕಾಗುತ್ತಿತ್ತು ಎಂಬ ಸಮರ್ಥನೆಯಲ್ಲಿ ಹುರುಳಿದೆ.

ಟೀಕೆಯಲ್ಲೂ ಹುರುಳಿದೆ. ವರ್ಷಗಟ್ಟಲೆ ಹೋರಾಡಿ ಬಂದವರ ಕೈಗೆ, ಕಾರಣಗಳನ್ನು ಬಿಡಿಸಿ ಹೇಳದ ಚುಟುಕು ಪತ್ರವೊಂದು ಬರುತ್ತಿತ್ತು. 2017ರಿಂದ ತಿರಸ್ಕಾರದ ಆಧಾರವನ್ನು ಪತ್ರದಲ್ಲಿ ಸೂಚಿಸುವ ಕ್ರಮ ಆರಂಭವಾಯಿತು. ‘ಮನೆಯ ಪರಿಹಾರ’ದ ನಿಯಮ ಸರ್ಕಾರಗಳಿಗೆ ಕಾಲಹರಣದ ಅಸ್ತ್ರವಾಗಬಹುದೆಂಬ ಆತಂಕ ಇನ್ನೂ ದೊಡ್ಡದು. 2016ರ ಜುಲೈಯಲ್ಲಿ ನಡೆದ ವಿಫಲ ಸೇನಾ ದಂಗೆಯ ನಂತರ ಟರ್ಕಿಯಲ್ಲಿ ಶಿಕ್ಷಕರೂ ಸೇರಿದಂತೆ ಲಕ್ಷಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು ಸುಗ್ರೀವಾಜ್ಞೆಗಳ ಮೂಲಕ ವಜಾ ಮಾಡಲಾಯಿತು. ಅವರಲ್ಲೊಬ್ಬ ಶಿಕ್ಷಕ ಸ್ಟ್ರಾಸ್‌ಬರ್ಗಿಗೆ ಬಂದಾಗ, ಟರ್ಕಿ ಹೊಸದಾಗಿ ರಚಿಸಿರುವ ವಿಚಾರಣಾ ಆಯೋಗಕ್ಕೆ ಮೊದಲು ಹೋಗಿ ಎಂದು 2017ರ ಜೂನ್‌ನಲ್ಲಿ ನ್ಯಾಯಾಲಯ ಹಿಂದೆ ಕಳಿಸಿತು. ಆಗ ಆಯೋಗ ಅರ್ಜಿ ಸ್ವೀಕರಿಸಲು ಇನ್ನೂ ಆರಂಭಿಸಿರಲಿಲ್ಲ. 2023ರ ಜನವರಿಯಲ್ಲಿ ಕೆಲಸ ಮುಗಿಸುವ ಹೊತ್ತಿಗೆ ಅದರ ಮುಂದೆ ಬಂದಿದ್ದ 1.25 ಲಕ್ಷಕ್ಕೂ ಹೆಚ್ಚು ಅರ್ಜಿಗಳಲ್ಲಿ ಪುರಸ್ಕೃತವಾದವು ಸುಮಾರು 18 ಸಾವಿರ. ಉಳಿದವರು ಮತ್ತೆ ಟರ್ಕಿಯ ನ್ಯಾಯಾಲಯಗಳ ಮೆಟ್ಟಿಲು ಹತ್ತಬೇಕು. ಕೆಲಸ ಹೋದ ಶಿಕ್ಷಕನಿಗೆ ಈ ವರ್ಷಗಳ ಅನ್ನ ಯಾರು ಕೊಟ್ಟಾರು?

ಬೇರೆಡೆಯ ಬಾಗಿಲುಗಳು

ಹೋಲಿಸಿ ನೋಡಿದರೆ ಸ್ಟ್ರಾಸ್‌ಬರ್ಗಿನ ಬಾಗಿಲೇ ಅಗಲವಾದದ್ದು. ಅಮೆರಿಕ ಖಂಡದ ಮಾನವ ಹಕ್ಕುಗಳ ನ್ಯಾಯಾಲಯ ಕೋಸ್ಟರಿಕದ ಸಾನ್ ಹೋಸೆಯಲ್ಲಿದೆ. ವ್ಯಕ್ತಿಗಳು ಅಲ್ಲಿಗೆ ನೇರವಾಗಿ ಹೋಗುವಂತಿಲ್ಲ. ವಾಷಿಂಗ್ಟನ್‌ನಲ್ಲಿರುವ ಆಯೋಗಕ್ಕೆ ದೂರು ಕೊಡಬೇಕು. ಆಫ್ರಿಕದ ನ್ಯಾಯಾಲಯ ಟಾಂಜಾನಿಯದ ಅರೂಶ ನಗರದಲ್ಲಿದೆ. ಜನ ನೇರವಾಗಿ ದೂರಲು ಅವರ ಸರ್ಕಾರ ವಿಶೇಷ ಘೋಷಣೆಯೊಂದಕ್ಕೆ ಸಹಿ ಹಾಕಿರಬೇಕು. ಹೆಚ್ಚಿನ ದೇಶಗಳು ಹಾಕಿಲ್ಲ. ಹಾಕಿದ್ದ ರುವಾಂಡ 2016ರಲ್ಲಿ, ನ್ಯಾಯಾಲಯಕ್ಕೆ ಜಾಗ ಕೊಟ್ಟಿರುವ ಟಾಂಜಾನಿಯವೇ 2019ರಲ್ಲಿ ಅದನ್ನು ಹಿಂತೆಗೆದುಕೊಂಡವು. ತೀರ್ಪು ಸರ್ಕಾರಗಳನ್ನು ಕುಟುಕಿದಾಗ ಬಾಗಿಲನ್ನು ಇನ್ನಷ್ಟು ಕಿರಿದು ಮಾಡುವ ಆಸೆ ಎಲ್ಲೆಡೆಯೂ ಹುಟ್ಟುತ್ತದೆ.

ಏಷ್ಯಾಕ್ಕೆ ಇಂಥ ನ್ಯಾಯಾಲಯವೇ ಇಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1979ರಲ್ಲಿ ಸೇರಿತಾದರೂ, ವ್ಯಕ್ತಿಗಳು ಅದರ ಸಮಿತಿಗೆ ದೂರು ಕೊಡಲು ಅನುವು ಮಾಡುವ ಪೂರಕ ಒಪ್ಪಂದಕ್ಕೆ ಸೇರಿಲ್ಲ. ಇಲ್ಲಿನವರಿಗೆ ಇರುವುದು ಹೈಕೋರ್ಟು, ಸುಪ್ರೀಂ ಕೋರ್ಟು ಮತ್ತು ಮಾನವ ಹಕ್ಕುಗಳ ಆಯೋಗಗಳು. 1993ರ ಕಾಯ್ದೆಯಂತೆ ಆಯೋಗಗಳಿಗೂ ಒಂದು ಹೊಸ್ತಿಲುಂಟು. ಘಟನೆ ನಡೆದು ವರ್ಷ ಕಳೆದರೆ ಅವು ವಿಚಾರಣೆ ಮಾಡುವಂತಿಲ್ಲ. ಗಡುವು ತಿಳಿಯದೆ ಹಕ್ಕು ಕಳೆದುಕೊಳ್ಳುವವರು ಸ್ಟ್ರಾಸ್‌ಬರ್ಗಿನಲ್ಲಿ ಮಾತ್ರ ಇದ್ದಾರೆಂದು ತಿಳಿಯಬೇಕಿಲ್ಲ.

ಮನೆಯ ನ್ಯಾಯಾಲಯಗಳು ಸರಿಯಾಗಿ ಕೇಳಿಸಿಕೊಂಡರೆ ಸ್ಟ್ರಾಸ್‌ಬರ್ಗಿಗೆ ಕೆಲಸವೇ ಇರಬಾರದು. ಅಲ್ಲಿನ ಹೊಸ್ತಿಲಿನ ನಿಯಮಗಳೆಲ್ಲ ನಿಂತಿರುವುದು ಈ ನಂಬಿಕೆಯ ಮೇಲೆ. ಆ ಏಪ್ರಿಲ್ ದಿನ ಸ್ವಿಸ್ ಮುದುಕಿಯರು ಗೆದ್ದದ್ದು ಅವರ ಮನೆಯಲ್ಲಿ ಕೇಳುವವರಿರಲಿಲ್ಲ ಎಂಬುದು ಸಾಬೀತಾದ್ದರಿಂದ. ಪೋರ್ಚುಗಲ್‌ನ ಮಕ್ಕಳಿಗೆ ಸಿಕ್ಕ ಉತ್ತರ, ಮೊದಲು ಮನೆಯಲ್ಲಿ ಕೇಳಿ ಬನ್ನಿ ಎಂಬುದು. ಕಾನೂನಿನ ಲೆಕ್ಕದಲ್ಲಿ ಅದು ಸರಿಯಾದ ಉತ್ತರವೇ. ಅವರು ದೂರು ಕೊಟ್ಟಾಗ ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಲಿಸ್ಬನ್ನಿನ ಕೋರ್ಟುಗಳನ್ನೆಲ್ಲ ಹತ್ತಿ ಇಳಿದು ಮತ್ತೆ ಸ್ಟ್ರಾಸ್‌ಬರ್ಗಿಗೆ ಬರುವಷ್ಟರಲ್ಲಿ ಆ ಮಕ್ಕಳು ದೊಡ್ಡವರಾಗಿರುತ್ತಾರೆ. ಅಲ್ಲಿಯವರೆಗೆ ಕಾಡಿನ ಬೆಂಕಿ ಕಾಯುವುದೇ ಎಂಬುದು ನ್ಯಾಯಾಧೀಶರ ಮುಂದಿದ್ದ ಪ್ರಶ್ನೆಯಾಗಿರಲಿಲ್ಲ.